ಸಿಗ್ನಲ್ ಸಾಹೇಬರ ಕೆಂಪು ಪಡೆ

ನಿಯಮ ಬಿಟ್ಟು ಹೆಜ್ಜೆ ಇಡದ ಮನುಷ್ಯನನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಬರುತ್ತವೆ ಎಂಬುದು ನನ್ನ ಅನುಭವ. ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ನೋಡಿಕೊಳ್ಳುವ ನನಗೆ ವಿಡಿಯೋ ಗೇಮಿನ ಗಂಧವೂ ಇರಲಿಲ್ಲ. ಕಲಬುರಗಿಯಲ್ಲಿ ಓದುವ ಮಗಳು ರಜೆಗೆ ಬಂದವಳು ಶಹಾಬಾದಿನ ಒಂದು ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಇಬ್ಬಿಬ್ಬರ ಜೋಡಿ. ಗೆದ್ದ ಜೋಡಿಗೆ ಹೈದರಾಬಾದಿನ ದೊಡ್ಡ ಪಂದ್ಯಕ್ಕೆ ಪ್ರವೇಶ. ಅವಳು ವರ್ಷವಿಡೀ ಕಾದದ್ದು ಅದಕ್ಕೇ. ಅಷ್ಟರಲ್ಲಿ ಜೋಡಿಯ ಗೆಳತಿಗೆ ಟೈಫಾಯಿಡ್ ಆಯಿತು. ಮನೆಯಲ್ಲಿ ಕೈ ಖಾಲಿ ಇದ್ದವನು ನಾನೊಬ್ಬನೇ.

೧. ಲೈನ್ ಕ್ಲಿಯರ್

ಚದುರಂಗದ ಹಾಗೆ ಸರದಿಯ ಮೇಲೆ ಆಡುವ ಯುದ್ಧ. ಎದುರಿನವರ ಧ್ವಜ ಹಿಡಿದರೆ ಗೆಲುವು. ಮಗಳಿಗೆ ನೀಲಿ ಪಡೆ, ನನಗೆ ಗೆಳತಿ ಬಿಟ್ಟುಹೋದ ಕೆಂಪು ಪಡೆ. ಈ ಕೆಂಪು ಜನರ ಸ್ವಭಾವವೇ ಬೇರೆ. ಹೊಡೆಯದೆ ಸುಮ್ಮನೆ ನಿಂತರೆ ಸರದಿಗೊಮ್ಮೆ ರಕ್ತ ಸೋರುತ್ತದೆ. ಒಬ್ಬನನ್ನು ಕೆಡವಿದರೆ ಹಾಸಿನ ಮೇಲೆ ಅವನು ನಿಂತಿದ್ದ ಮನೆಗೆ ಹೋಗಿ ನಿಲ್ಲುತ್ತಾರೆ, ಮೇಲೆ ಇನ್ನೊಂದು ನಡೆ ಪುಕ್ಕಟೆ.

ಮುಂದಿನ ಗಾಡಿ ದಾಟಿದ ಖಾತ್ರಿಯಾಗದೆ ಹಿಂದಿನ ಗಾಡಿ ಬಿಡುವ ಪದ್ಧತಿ ನನ್ನಲ್ಲಿಲ್ಲ. ಮೊದಲ ಅಭ್ಯಾಸದಲ್ಲಿ ಪಡೆಯನ್ನು ಸಾಲಾಗಿ ನಿಲ್ಲಿಸಿ, ದಾರಿ ಪೂರ್ತಿ ತೆರವಾಗಲಿ ಎಂದು ಕಾದೆ.

"ಪಪ್ಪಾ, ಏನ್ ಮಾಡಾಕತ್ತೀರಿ?"

"ಲೈನ್ ಕ್ಲಿಯರ್ ಇಲ್ಲವ್ವಾ."

"ಕ್ಲಿಯರ್ ಮಾಡೋದೇ ನಿಮ್ಮ ಕೆಲಸ. ಎದುರಿಗೆ ಮಂದಿ ಇದ್ರೇನೇ ಕೆಂಪು ಪಡೆ ಕಾಲು ಓಡ್ತಾವ."

ನಾನು ಒಪ್ಪಲಿಲ್ಲ. ಶತ್ರು ಒಂದು ಬಾಣವನ್ನೂ ಬಿಡಲಿಲ್ಲ; ನನ್ನ ಪಡೆ ಪೂರ್ತಿ ಶಿಸ್ತಿನಲ್ಲಿ, ನಿಂತ ಸಾಲಿನಲ್ಲೇ ಸತ್ತಿತು.

೨. ಇಟ್ಟ ಹೆಜ್ಜೆ

ಎದುರಾಳಿ ಒಪ್ಪಿದರೆ ತಪ್ಪು ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಗುಂಡಿಯೊಂದು ಆ ಆಟದಲ್ಲಿದೆ. ಮನೆಯಲ್ಲಿ ನಾವಿಬ್ಬರೇ ಎದುರುಬದುರು ಆಡುವಾಗ ಒಮ್ಮೆ ಮಗಳ ಬೆರಳು ಜಾರಿತು.

"ಹಿಂದಕ್ಕ ತೊಗೋತೀನಿ ಪಪ್ಪಾ."

"ಇಲ್ಲ. ಇಟ್ಟ ಹೆಜ್ಜೆ ಇಟ್ಟದ್ದೇ. ಕೊಟ್ಟ ಸಿಗ್ನಲ್ ಹಿಂದಕ್ಕ ಬರ್ತದೇನು?"

ಅವಳು ಅಡಿಗೆಮನೆಯ ಕಡೆ ಮುಖಮಾಡಿ ಕೂಗಿದಳು. "ಮಮ್ಮೀ, ಮದುವಿಗಿ ಮೊದಲ ಇವ್ರು ಹಿಂಗೇ ಇದ್ರೇನು?"

"ಹಿಂದಕ್ಕ ತೊಗೊಳ್ಳೋ ಗುಂಡಿ ನನಗೂ ಯಾರೂ ಕೊಡಲಿಲ್ಲವ್ವಾ," ಎಂದಳು ಹೆಂಡತಿ.

೩. ಸೇಡಂ ಬಸ್ ಸ್ಟ್ಯಾಂಡ್

ಪಂದ್ಯದ ಹಿಂದಿನ ವಾರ ಮೂವರೂ ಸೇಡಂನಲ್ಲಿ ಒಂದು ಮದುವೆ ಮುಗಿಸಿ ಬಸ್ಸಿಗೆ ನಿಂತಿದ್ದೆವು. ನನ್ನ ಹೆಂಡತಿ ಖಾಲಿ ಬಸ್ಸು ಹತ್ತಬೇಕಾದರೆ ಮಂಡಿನೋವಿನಿಂದ ಒಂದೊಂದೇ ಮೆಟ್ಟಿಲು ಏರುತ್ತಾಳೆ. ಅವತ್ತು ಬಾಗಿಲಲ್ಲಿ ಸಂತೆಯಷ್ಟು ಜನ. ನಾನು ಇಳಿಯುವವರು ಇಳಿಯಲಿ ಎಂದು ಪಕ್ಕಕ್ಕೆ ನಿಂತೆ. ಆಕೆ ಒಬ್ಬರ ಭುಜ ಹಿಡಿದು ಒಂದು ಮೆಟ್ಟಿಲು, "ಸರೀರಿ ಅಣ್ಣಾರ" ಎಂದು ಇನ್ನೊಂದು, ಯಾರದೋ ಗಂಟಿನ ಮೇಲೆ ಕೈಯೂರಿ ಮೂರನೆಯದು ಏರಿದಳು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿದ್ದಳು.

ಮಗಳು ನನ್ನ ಕಿವಿಯಲ್ಲಿ ಹೇಳಿದಳು. "ನೋಡಿದ್ರಿಲ್ಲ? ಕೆಂಪು ಪಡೆ."

ಅಂದು ನನಗೆ ಆ ಆಟ ಅರ್ಥವಾಯಿತು. ವಾಡಿಯವರೆಗೂ ನಿಂತುಕೊಂಡೇ ಅರ್ಥಮಾಡಿಕೊಂಡೆ.

೪. ಶಹಾಬಾದಿನ ಕೊನೆಯ ಆಟ

ಕೊನೆಯ ಆಟದಲ್ಲಿ ಎದುರಿಗೆ ಚಿತ್ತಾಪುರದ ಬಟ್ಟೆ ಅಂಗಡಿಯ ಹಿರಿಯರು ಮತ್ತು ಅವರ ತಮ್ಮ. ಸಭಾಂಗಣದ ದೊಡ್ಡ ಪರದೆಯ ಮೇಲೆ ಎಲ್ಲರೂ ನೋಡುತ್ತಿದ್ದರು. ಮಗಳ ನೀಲಿ ಪಡೆ ಮುಗಿಯಿತು, ತಮ್ಮನ ಪಡೆಯೂ ಮುಗಿಯಿತು. ನನ್ನ ಕೆಂಪು ನಾಯಕನೊಬ್ಬ ಉಳಿದಿದ್ದ, ಅದೂ ಒಂದೇ ಏಟಿನ ಜೀವ. ಅವರ ಕಡೆ ಒಬ್ಬ ಬಿಲ್ಲುಗಾರ ಮತ್ತು ದಾರಿಗೆ ಅಡ್ಡ ನಿಂತ ಒಬ್ಬ ಗಾಯಾಳು ಕಾವಲುಗಾರ. ಅವನ ಹಿಂದೆ ಧ್ವಜ. ಮಗಳು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

ಹಿರಿಯರ ಸರದಿ. ಬಿಲ್ಲುಗಾರನನ್ನು ಮುಂದೆ ತರಬೇಕಿತ್ತು. ಬೆರಳು ಜಾರಿ ಕಾವಲುಗಾರ ದಾರಿ ಬಿಟ್ಟು ಮೂಲೆಗೆ ಹೋದ. ಧ್ವಜದವರೆಗೆ ದಾರಿ ಬಟ್ಟಬಯಲು. ಜನ ಹೋ ಎಂದರು.

"ಅರೆ, ಕೈ ಜಾರ್ತು ಸಾಹೇಬ್ರ," ಎಂದರು ಹಿರಿಯರು. ಮುಖ ಬೆವರಿತ್ತು. "ಹಿಂದಕ್ಕ ತೊಗೋತೀನಿ ಅಂತ ಕೇಳಾಕ ನನಗ ಮುಖ ಇಲ್ಲ ಬಿಡ್ರಿ."

"ಹಿಂದಕ್ಕ ತೊಗೋರಿ," ಎಂದೆ.

ಮಗಳು ಹಲ್ಲು ಕಚ್ಚಿ, "ನನಗ ಬಿಡಲಿಲ್ಲ. ಅವ್ರಿಗಿ ಬಿಟ್ರಿ," ಎಂದಳು. ನಾನು ಪರದೆಯ ಮೇಲಿನ ಮನೆಗಳನ್ನು ಎಣಿಸುತ್ತಿದ್ದೆ.

ಹಿರಿಯರು ಕಣ್ಣೊರೆಸಿಕೊಂಡು ಕಾವಲುಗಾರನನ್ನು ಮತ್ತೆ ದಾರಿಯ ನಡುವೆ ತಂದರು, ಬಿಲ್ಲುಗಾರನನ್ನು ಮುಂದೆ ಬಿಟ್ಟರು. ಮುಂದಿನ ಬಾಣಕ್ಕೆ ನನ್ನ ಕಥೆ ಮುಗಿಯಬೇಕು.

ನನ್ನ ಸರದಿ. ಕಾವಲುಗಾರನನ್ನು ಹೊಡೆದೆ. ಬಿದ್ದ. ಅವನ ಮನೆಯಲ್ಲಿ ನಿಂತೆ. ಪುಕ್ಕಟೆ ನಡೆ ಸಿಕ್ಕಿತು. ಧ್ವಜ ಹಿಡಿದೆ.

ದಾರಿ ಖಾಲಿ ಇದ್ದಿದ್ದರೆ ಹೊಡೆಯಲು ಯಾರೂ ಇಲ್ಲ, ಪುಕ್ಕಟೆ ನಡೆಯೂ ಇಲ್ಲ. ಒಂದೇ ನಡೆಯಲ್ಲಿ ನನ್ನ ನಾಯಕ ಧ್ವಜ ಮುಟ್ಟುತ್ತಿರಲಿಲ್ಲ; ಅರ್ಧ ದಾರಿಯಲ್ಲಿ ರಕ್ತ ಸೋರಿಯೋ ಬಾಣ ತಗುಲಿಯೋ ಬೀಳುತ್ತಿದ್ದ. ಮಗಳಿಗೆ ಇದು ಹೊಳೆದಾಗ ಕುರ್ಚಿ ಬಿಟ್ಟು ನನ್ನ ಬೆನ್ನಿಗೊಂದು ಗುದ್ದಿದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪಂದ್ಯ ನಡೆಸಿದವರು ಮೈಕಿನಲ್ಲಿ, ಸಜ್ಜನಿಕೆಗೆಂದು ನನಗೊಂದು ವಿಶೇಷ ಬಹುಮಾನ ಘೋಷಿಸಿದರು. ಹಿರಿಯರು ನನ್ನ ಎರಡೂ ಕೈ ಹಿಡಿದು, "ಇಂಥಾ ಇನ್ಸಾನ್ ಕೈಯಾಗ ಸೋತಿದ್ದಕ್ಕ ಖುಷಿ ಅದರಿ," ಎಂದರು.

ಅರ್ಹತೆ ಇಲ್ಲದ ಬಹುಮಾನ ನಾನು ಮುಟ್ಟುವವನಲ್ಲ. ಮೈಕು ಇಸಿದುಕೊಂಡು ಹೇಳಿದೆ. "ಇದು ಸಜ್ಜನಿಕಿ ಅಲ್ಲ. ಆ ಕಾವಲುಗಾರ ಅಲ್ಲಿ ಇರ್ಲಿಲ್ಲಂದ್ರ ನಾ ಸೋಲ್ತಿದ್ದೆ. ಹೊಡಿಲಿಕ್ಕೇ ಅಂತ ಅವನ್ನ ವಾಪಸ್ ಕರಸ್ಕೊಂಡೆ."

ಹಿಂದಿನಿಂದ ಯಾರೋ, "ಎಷ್ಟು ವಿನಯ ನೋಡ್ರಿ," ಎಂದರು. ಚಪ್ಪಾಳೆ ಬಿತ್ತು. ನಾನು ಇನ್ನಷ್ಟು ಬಿಡಿಸಿ, ಮನೆಗಳನ್ನು ಎಣಿಸಿ ತೋರಿಸಿ ಹೇಳಿದೆ. ಚಪ್ಪಾಳೆ ಇನ್ನೂ ಜೋರಾಯಿತು. ಬಟ್ಟೆ ಅಂಗಡಿಯ ಹಿರಿಯರು ತಮ್ಮನ ಕಿವಿಯಲ್ಲಿ ಏನೋ ಹೇಳಿ ಹೊರಗೆ ಓಡಿಸಿದರು.

ಮಗಳು ನನ್ನ ಅಂಗಿ ಜಗ್ಗಿದಳು. "ಪಪ್ಪಾ, ಕುಂದ್ರಿ. ಇನ್ನ ಸ್ವಲ್ಪ ಖರೇ ಹೇಳಿದ್ರಂದ್ರ ಶಾಲು ಹೊದಸ್ತಾರ."

ನಾನು ಕೂರುವಷ್ಟರಲ್ಲಿ ಶಾಲು ಹಿಡಿದು ಹಿರಿಯರ ತಮ್ಮ ಬಂದಿದ್ದ.