ಹೊಂಡ ಮುಚ್ಚಲು ದಾರಿ ಶುಲ್ಕ

ಓದಿದ ವಿದ್ಯೆ ಉಪಯೋಗಕ್ಕೆ ಬರಲಿಲ್ಲ ಎಂದು ಗೊಣಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನದು ಉಪಯೋಗಕ್ಕೆ ಬಂತು. ಮಂಗಳೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಸೌದಿಯ ಅಲ್ ಅಹ್ಸಾದ ಖರ್ಜೂರದ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತ ಕೂತವನು ನಾನು. ಅಷ್ಟು ವರ್ಷ ತೆಪ್ಪಗೆ ಮಲಗಿದ್ದ ವಿದ್ಯೆ ಕಳೆದ ವರ್ಷ ನಮ್ಮ ಕಟ್ಟಡದ ಓಣಿಯಲ್ಲಿ ಒಂದು ಹೊಂಡ ಕಂಡು ದಡಬಡಿಸಿ ಎದ್ದಿತು.

ನಮ್ಮದು ಎಂಟು ಮನೆಗಳ ಕಟ್ಟಡ. ರಸ್ತೆಯಿಂದ ಅದಕ್ಕೆ ಬರುವ ಓಣಿ ಖಾಸಗಿಯದ್ದು, ಹಾಗಾಗಿ ಬಲದಿಯಾ, ಎಂದರೆ ಇಲ್ಲಿನ ನಗರಸಭೆ, ಅದರ ತಂಟೆಗೆ ಬರುವುದಿಲ್ಲ. ಮಾಲೀಕರನ್ನು ಕೇಳಿದರೆ ಬಾಡಿಗೆಯ ಮಾತು ತೆಗೆಯುತ್ತಾರೆಂದು ನಾವೂ ಕೇಳುವುದಿಲ್ಲ. ಯಾವುದೋ ಇಂಟರ್ನೆಟ್ ಕಂಪನಿಯವರು ಕೇಬಲ್ ಹಾಕಲು ಅಗೆದು, ಮೇಲೊಂದಿಷ್ಟು ಮರಳು ಸುರಿದು ಹೋದರು. ಮರಳು ಕುಸಿಯಿತು. ನೆನಪನ್ನು ನಂಬದವನಾದ್ದರಿಂದ ನಾನು ದಿನಚರಿ ಬರೆಯುತ್ತೇನೆ. ಅದರಲ್ಲಿ ಮೊದಲ ವಾರ ಹೊಂಡ ಒಂದು ಗೇಣು ಆಳ, ಮರುವಾರ ಮೊಣಕಾಲುದ್ದ. ಅಷ್ಟೇನೂ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ ನಸೀಮಾ. ಇರಬಹುದು. ದಿನಚರಿ ಬರೆಯುವವನೂ ನಾನೇ ತಾನೆ?

ಆದರೆ ಗುಲ್ ಖಾನನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ನಮಗೆ ನೀರು ತರುವ ಪೇಶಾವರದ ಪಠಾಣ ಆತ. ಹೊಂಡದ ಮುಂದೆ ಗಾಡಿ ನಿಲ್ಲಿಸಿ, "ಭಾಯ್ ಸಾಬ್, ಗಾಡಿಯ ಆಕ್ಸಲ್ ತುಂಡಾದರೆ ನನ್ನ ಧಣಿ, ಆ ಕಫೀಲ್, ನನ್ನನ್ನೇ ತುಂಡು ಮಾಡ್ತಾನೆ. ಎರಡು ತಿಂಗಳು ನೋಡ್ತೇನೆ. ಆಮೇಲೆ ಖುದಾ ಹಾಫಿಜ್" ಎಂದು ಉರ್ದುವಿನಲ್ಲಿ ಹೇಳಿಬಿಟ್ಟ. ಆತ ಬಾರದಿದ್ದರೆ ಎಂಟು ಮನೆಗೂ ನೀರಿಲ್ಲ. ಮೇಲಿನ ಮನೆಯ ಯಜಮಾನ ಹಮೀದಾಕನ ಸೊಸೆಗೆ ಹೆರಿಗೆಯಾಗಿ ಹತ್ತು ದಿನ. "ಬಾಣಂತಿ ಇರುವ ಮನೆ ಮಾರಾಯ, ನೀರಿಲ್ಲದೆ ಎಂತ ಮಾಡುದು?" ಎಂದು ಹಮೀದಾಕ ನನ್ನ ಮುಖ ನೋಡಿದರು. ಓದಿದವನ ಮುಖವನ್ನು ಜನ ನೋಡುವ ಆ ರೀತಿಯೇ ಅಪಾಯಕಾರಿ.

ಶುಕ್ರವಾರ ಜುಮಾ ನಮಾಜು ಮುಗಿಸಿ ಹಮೀದಾಕನ ಮನೆಯಲ್ಲಿ ಊಟಕ್ಕೆ ಸೇರಿದಾಗ ನಾನು ವಿದ್ಯೆಯನ್ನು ಹೊರತೆಗೆದೆ. ಅಮೆರಿಕದ ಊರುಗಳಲ್ಲಿ ಕರೆಂಟು, ಗ್ಯಾಸು, ಕೇಬಲ್ಲಿನ ಕಂಪನಿಗಳು ಬೀದಿಯನ್ನು ಬಳಸಿಕೊಳ್ಳುವುದಕ್ಕೆ ಊರಿಗೆ ಶುಲ್ಕ ಕೊಡುತ್ತವಂತೆ, ಆ ಹಣದಿಂದ ಬೀದಿ ರಿಪೇರಿಯಾಗುತ್ತದಂತೆ. "ನಮ್ಮ ಓಣಿಯಲ್ಲಿ ಸಂಪಾದಿಸುವವರು ಓಣಿಗೆ ಕೊಡಲಿ. ನಮ್ಮ ಕಿಸೆಯಿಂದ ರಿಯಾಲ್ ಬಿಡಿ, ಒಂದು ಹಲಾಲಾ ಸಹ ಹೋಗುದಿಲ್ಲ" ಎಂದೆ. ಈ ಕೊನೆಯ ವಾಕ್ಯ ಎಂ.ಎ. ಕ್ಲಾಸಿನಲ್ಲಿ ಮೇಷ್ಟರು ಹೇಳಿದ್ದೋ, ನಾನೇ ಸೇರಿಸಿದ್ದೋ, ಈಗ ಪ್ರಮಾಣ ಮಾಡಲಾರೆ. 'ಎಲ್ಲರೂ ಮೆಚ್ಚಿದರು' ಎಂದು ದಿನಚರಿಯಲ್ಲಿದೆ. ಒಳಕೋಣೆಯಲ್ಲಿ ಹೆಂಗಸರ ಜೊತೆ ಕೂತು ಕೇಳಿಸಿಕೊಂಡ ನಸೀಮಾಳ ವರದಿ ಬೇರೆ: "ಬಿರಿಯಾನಿ ತಣೀತಾ ಉಂಟಲ್ಲ, ಅದಕ್ಕೆ ಎಲ್ರೂ ಹೂಂ ಹೇಳಿದ್ದು."

ನ್ಯಾಯವಾಗಿ ಮೊದಲು ಕೊಡಬೇಕಾದವರು ಅಗೆದು ಹೋದ ಕೇಬಲ್ಲಿನವರು. ಫೋನ್ ಮಾಡಿದೆ. ಅರಬಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಹೊಸ ಸಂಪರ್ಕಕ್ಕೆ ಮೂರು ಒತ್ತಿ. ಹೊಂಡಕ್ಕೆ ಒತ್ತುವ ಗುಂಡಿ ಇರಲಿಲ್ಲ. ಹೀಗಾಗಿ ಶುಲ್ಕ ಕೈಗೆ ಸಿಗುವವರ ಮೇಲೆ ಬಿತ್ತು: ನೀರಿನ ಟ್ಯಾಂಕರು, ಗ್ಯಾಸ್ ಸಿಲಿಂಡರಿನ ಗಾಡಿ, ಕುಡಿಯುವ ನೀರಿನ ಕ್ಯಾನಿನವನು. ಒಂದು ಸಲ ಬಂದರೆ ಹತ್ತು ರಿಯಾಲ್. ಗಲಾಟೆಯಾಗುತ್ತದೆಂದು ಹೆದರಿದ್ದೆ. ಗುಲ್ ಖಾನ್ ಆಕಾಶ ನೋಡಿ, ಗಡ್ಡ ನೀವಿಕೊಂಡು ಒಪ್ಪಿಬಿಟ್ಟ. ಮುಂದಿನ ವಾರ ಹತ್ತು ಕೊಟ್ಟ, ನೀರಿನ ರೇಟು ಹದಿನೈದು ಏರಿಸಿದ. ಯಾಕೆಂದು ಕೇಳಿದರೆ, "ಹತ್ತು ನಿಮ್ಮದು. ಐದು ನನ್ನ ತಲೆನೋವಿನದ್ದು." ಉಳಿದಿಬ್ಬರಿಗೂ ಅದೇ ತಲೆನೋವು ಅಂಟಿಕೊಂಡಿತು.

"ಒಂದು ಹಲಾಲಾ ಸಹ ಹೋಗುದಿಲ್ಲ ಅಂದದ್ದು ಯಾರು ಮಾರಾಯ?" ಎಂದು ಹಮೀದಾಕ ಮೆಟ್ಟಿಲಲ್ಲಿ ಹಿಡಿದರು.

"ಹಾಗೆ ಹೇಳಿದೆನಾ?"

"ಬಿರಿಯಾನಿ ಬಾಯಲ್ಲಿಟ್ಟುಕೊಂಡು ಹೇಳಿದ್ದು. ನನಗೆ ನೆನಪುಂಟು."

ಆರನೆಯ ವಾರಕ್ಕೂ ಕಾಂಕ್ರೀಟಿಗೆ ಬೇಕಾದಷ್ಟು ದುಡ್ಡು ಕೂಡಲಿಲ್ಲ. ಗುಲ್ ಖಾನನ ಗಡುವಿಗೆ ಹದಿನೈದು ದಿನ ಉಳಿದಿತ್ತು. ಹಮೀದಾಕ ಸ್ನಾನದ ಬಕೆಟುಗಳನ್ನೆಲ್ಲ ತುಂಬಿಸಿಡತೊಡಗಿದ್ದರು. ಮತ್ತೆ ಸಭೆ ಸೇರಿದೆವು. ಕೆಳಮನೆಯ ಭಟ್ಕಳದ ಮುಝಮ್ಮಿಲ್ ಸಾಹೇಬರು ಬಟ್ಟೆ ವ್ಯಾಪಾರಿ, ಮಿತಭಾಷಿ. ಗಂಟಲು ಸರಿಮಾಡಿಕೊಂಡು, "ಓಣಿಯಿಂದ ಸಂಪಾದಿಸುವವರು ಇನ್ನೂ ಒಬ್ಬರು ಬಾಕಿ ಇದ್ದಾರೆ. ದಿನಾ ಸಂಜೆ ಪತ್ತಿರಿಯ ಡಬ್ಬಿಗಳು ಇದೇ ಓಣಿಯಲ್ಲಿ ಹೋಗ್ತಾವಲ್ಲ?" ಎಂದರು.

ನಸೀಮಾ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ ಮಾಡಿ ನಮ್ಮೂರ ಕಡೆಯ ಹುಡುಗರ ಬ್ಯಾಚುಲರ್ ರೂಮುಗಳಿಗೆ ಕಳಿಸುತ್ತಾಳೆ. ಸಾಗಿಸುವವನು ನಾನು. ಅದು ಮನೆಯ ಅಡುಗೆ, ವ್ಯಾಪಾರ ಎಲ್ಲಾಯಿತು, ಎಂದು ವಾದಿಸಲು ಬಾಯಿ ತೆರೆದೆ. ಎದುರು ಪಕ್ಷದ ವಾದವನ್ನು ಅಷ್ಟು ಬಿಗಿಯಾಗಿ ಕಟ್ಟಿದವನು ನಾನೇ ಆಗಿದ್ದರಿಂದ ನುಸುಳಲು ಸಂದು ಸಿಗಲಿಲ್ಲ. ನಸೀಮಾ ಒಳಗಿನಿಂದಲೇ, "ಕೊಡುವ, ಕೊಡುವ. ಬಾಣಂತಿಗೆ, ಮಗುವಿಗೆ ನೀರು ಬೇಕಲ್ಲ" ಎಂದಳು. ಅವಳ ದನಿ ಅಷ್ಟು ಮೆತ್ತಗಿದ್ದಾಗ ನಾನು ಎಚ್ಚರವಾಗಬೇಕಿತ್ತು.

ದಿನಕ್ಕೆ ಹತ್ತರಂತೆ ಪತ್ತಿರಿಯ ಶುಲ್ಕವೂ ಕೂಡಿ, ಹತ್ತು ದಿನದಲ್ಲಿ ಹೊಂಡ ಮುಚ್ಚಿತು. ಟ್ಯಾಂಕರು ಗೇಟಿನವರೆಗೂ ಅಲ್ಲಾಡದೆ ಬಂತು. ಟೆರೇಸಿನ ತಂತಿಯಲ್ಲಿ ಕೂಸಿನ ಬಟ್ಟೆಗಳು ಸಾಲಾಗಿ ಒಣಗಿದವು. ಹಮೀದಾಕ ನನ್ನ ಬೆನ್ನು ತಟ್ಟಿದರು. ಶುಲ್ಕವನ್ನೂ ಅಂದೇ ನಿಲ್ಲಿಸಿದೆವು.

ಪತ್ತಿರಿಯ ರೇಟನ್ನು ಮಾತ್ರ ನಸೀಮಾ ಏರಿಸಿರಲಿಲ್ಲ. ಏರಿಸಿದರೆ ರೂಮಿನ ಹುಡುಗರು ಮೂಲೆಯ ಮಲಯಾಳಿ ಹೋಟೆಲಿಗೆ ಹೋಗುತ್ತಾರೆ. ಆದ್ದರಿಂದ ಬೇರೆ ಹೋಟೆಲಿಗೆ ಹೋಗಲಾಗದ ಒಬ್ಬನೇ ಗಿರಾಕಿಯಿಂದ ಅವಳು ಶುಲ್ಕ ವಸೂಲು ಮಾಡಿದ್ದಳು: ನನ್ನ ತಟ್ಟೆಗೆ ನಾಲ್ಕು ಬೀಳುತ್ತಿದ್ದ ಪತ್ತಿರಿ ಮೂರಕ್ಕೆ ಇಳಿದಿತ್ತು. ಓಣಿಯ ಹಿತಕ್ಕೆಂದು ಸಹಿಸಿಕೊಂಡಿದ್ದೆ. ಹೊಂಡ ಮುಚ್ಚಿ ತಿಂಗಳಾದರೂ ಮೂರೇ ಬಂದಾಗ ಧೈರ್ಯ ಮಾಡಿ ಕೇಳಿದೆ, "ಶುಲ್ಕ ನಿಂತಿತಲ್ಲ, ಇನ್ನೊಂದು ಎಲ್ಲಿ?"

ನಸೀಮಾ ಸಾರು ಬಡಿಸುತ್ತ ಕೇಳಿದಳು, "ಶುಲ್ಕ ನಿಂತ ಮೇಲೆ ಗುಲ್ ಖಾನ್ ರೇಟು ಇಳಿಸಿದ್ನಾ?"

ಮೂರನೆಯದನ್ನು ಆದಷ್ಟು ನಿಧಾನವಾಗಿ ತಿಂದೆ.