ಉದುರುವ ಸಕ್ಕರೆ, ದೊಡ್ಡಮ್ಮನ ಗಿಣ್ಣು

ನಾನು ಮಾಡೋ ಕೆಲಸ ಏನು ಅಂತ ಯಾರಿಗಾದರೂ ಬಿಡಿಸಿ ಹೇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತೆ. ಹೇಳದೆ ಸುಮ್ಮನಿರೋಣ ಅಂದರೆ ನಮ್ಮ ಕಡೆ ಜನ ಬಿಡಬೇಕಲ್ಲ!

ಕೆಲಸ ಇಷ್ಟೇ. ಹಾಲು, ರಕ್ತ ಇಂಥವುಗಳಲ್ಲಿ ಕಣ್ಣಿಗೆ ಕಾಣದ ಸಕ್ಕರೆ ಸರಪಳಿಗಳಿರುತ್ತವೆ. ಕೆಲವುಗಳ ತುದಿಯಲ್ಲಿ ಸಿಯಾಲಿಕ್ ಆಮ್ಲ ಅನ್ನೋ ಒಂದು ಸಕ್ಕರೆ ಕೂತಿರುತ್ತೆ. ಬಲು ನಾಜೂಕು. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ತೂಗುವ ಯಂತ್ರದಲ್ಲಿ ಲೇಸರ್ ಬಿತ್ತೋ, ಕಳಚಿಕೊಂಡು ಹೋಗಿಬಿಡುತ್ತೆ. ಹಾಗೆ ಉದುರದಂತೆ ಮೊದಲೇ ರಾಸಾಯನಿಕ ಹಾಕಿ ಗಟ್ಟಿ ಮಾಡೋದು ನನ್ನ ಪಾಲಿನ ಕೆಲಸ.

ತೂಕದ ಮಾತು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮೂರು ಕಳ್ಳಂಬೆಳ್ಳಕ್ಕೆ ಹೋಗಿದ್ದೆ. ಅಷ್ಟರಲ್ಲಿ ಅಮ್ಮ ಬೀದಿಗೆಲ್ಲ, "ನನ್ ಮಗಳು ಸಕ್ಕರೆ ತೂಗೋ ಕೆಲಸದಾಗೌಳೆ" ಅಂತ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು. ಪಕ್ಕದ ಮನೆ ಅಜ್ಜಿ ರೇಷನ್ ಕಾರ್ಡ್ ಹಿಡಿದುಕೊಂಡೇ ಬಂತು.

"ಅಷ್ಟೊಂದು ಓದಿ ಸೊಸೈಟಿ ಅಂಗಡೀಲಿ ಕೂತ್ಕಂಡ್ಯಾ ಕಣಮ್ಮ?"

"ಆ ಸಕ್ಕರೆ ಅಲ್ಲಜ್ಜಿ. ನಾನು ತೂಗೋದು ಕಣ್ಣಿಗೂ ಕಾಣಲ್ಲ."

ಅಜ್ಜಿ ನಿಟ್ಟುಸಿರು ಬಿಟ್ಟು ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿತು. "ಸೊಸೈಟೀಲೂ ಅಷ್ಟೇ ಕಣಮ್ಮ. ಇವ್ರು ತೂಗಾದೂ ಕಣ್ಣಿಗೆ ಕಾಣಾಕಿಲ್ಲ."

ಮಧುಗಿರಿ ಸಂಬಂಧ

ಮಧುಗಿರಿಯಿಂದ ಹೆಣ್ಣು ನೋಡೋಕೆ ಬಂದರು. ಹುಡುಗ ಹೈಸ್ಕೂಲ್ ಮೇಷ್ಟ್ರು. ತಲೆ ಮೇಲೊಂದು ಕ್ಯಾಪ್, ಮನೆಯೊಳಗೂ ತೆಗೆಯಲಿಲ್ಲ. ಇಬ್ಬರನ್ನೇ ಮಾತಾಡಲು ಹಿತ್ತಲಿಗೆ ಕಳಿಸಿದರು. ಏನು ಕೆಲಸ ಅಂತ ಅವರು ಕೇಳಿದರು.

"ಉದುರೋದನ್ನ ಉದುರದ ಹಾಗೆ ನಿಲ್ಲಿಸ್ತೀನಿ" ಅಂದೆ.

ಅವರ ಮುಖ ಅರಳಿತು. "ಹೌದಾ! ನಿಜವಾಗ್ಲೂ ನಿಲ್ಲುತ್ತಾ?"

ನನ್ನ ಕೆಲಸದ ಬಗ್ಗೆ ಎರಡನೇ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಖುಷಿಯಾಗಿ, ಯಾವ ದ್ರಾವಣ, ಎಷ್ಟು ಬಿಸಿ, ಎಷ್ಟು ಹೊತ್ತು, ಎಲ್ಲ ಹೇಳಿದೆ. ಅವರು ಬಾಳೆಗಿಡಕ್ಕೆ ಒರಗಿ ಕಣ್ಣು ಮಿಟುಕಿಸದೆ ಕೇಳಿದರು. ಕೊನೆಗೆ ಮೆಲ್ಲಗೆ ಕ್ಯಾಪ್ ತೆಗೆದು ತಲೆ ಬಗ್ಗಿಸಿ, "ಇಷ್ಟು ಉದುರಿರೋದಕ್ಕೂ ಆಗುತ್ತಾ ನೋಡಿ" ಅಂದರು.

ನಾನು ನಕ್ಕಿದ್ದು ನಡುಮನೆಗೆ ಕೇಳಿಸಿ, ಹುಡುಗಿ ಒಪ್ಪಿದಳು ಅಂತ ಅಮ್ಮ ಸಕ್ಕರೆ ಹಂಚಿಯೇ ಬಿಟ್ಟಳು. ಮದುವೆಯೂ ಆಯಿತು. ಅವರು ನನ್ನ ಜೊತೆ ಗಟ್ಟಿಯಾಗಿ ನಿಂತರು, ಕೂದಲು ನಿಲ್ಲಲಿಲ್ಲ.

ಹಸಿ ಹಾಲು

ಹಸು ಕರು ಹಾಕಿದಾಗ ಬರುವ ಗಿಣ್ಣು ಹಾಲಲ್ಲಿ ಸಿಯಾಲಿಕ್ ಆಮ್ಲ ಜಾಸ್ತಿ. ಯಂತ್ರ ನಮ್ಮ ಕೈಗೆ ಸಿಗೋದೇ ಅಪರೂಪ. ಸಿಕ್ಕಿದ ವಾರವೇ ಹುಲಿಕುಂಟೆಯ ದೊಡ್ಡಮ್ಮನ ಹಸು ಈಯಿತು. ಆ ವಾರ ತಪ್ಪಿದರೆ ನನ್ನ ಪ್ರಬಂಧ ಮುಂದಿನ ವರ್ಷಕ್ಕೆ. ಫೋನ್ ಮಾಡಿ, "ದೊಡ್ಡಮ್ಮ, ಗಿಣ್ಣು ಹಾಲು ಸ್ವಲ್ಪ ಕಳಿಸು" ಅಂದೆ.

ಸಂಜೆ ಬಸ್ಸಿನಲ್ಲಿ ಸ್ಟೀಲ್ ಡಬ್ಬಿ ಬಂತು. ಪಾವಗಡದ ಕಡೆಯ ನನ್ನ ಲ್ಯಾಬಿನ ಜೊತೆಗಾರ ಮುಚ್ಚಳ ತೆಗೆದರೆ, ಬೆಲ್ಲ ಏಲಕ್ಕಿ ಹಾಕಿ ಹದವಾಗಿ ಬೇಯಿಸಿದ ಗಿಣ್ಣು! ಕೂಡಲೇ ಫೋನ್ ಮಾಡಿದೆ.

"ಮನೆ ಮಗಳು ಬಾಯಿಬಿಟ್ಟು ಕೇಳೌಳೆ, ಹಸಿ ಹಾಲು ಕಳ್ಸಾಕಾಯ್ತದಾ? ತಿನ್ನಮ್ಮ, ಸೊರಗೋಗಿದೀಯ" ಅಂದಳು ದೊಡ್ಡಮ್ಮ.

ಜೊತೆಗಾರ ಆಗಲೇ ಚಮಚ ಹಾಕಿದ್ದ. "ಶಾನಾ ಬಾಗುಂದಿ ಅಕ್ಕಾ!" ಅಂತ ತೆಲುಗಿನಲ್ಲೇ ಹೊಗಳಿ ಬಾಯಿ ಚಪ್ಪರಿಸಿದ.

ದೊಡ್ಡಮ್ಮನನ್ನು ಬೈಯೋಣ ಅಂದರೆ, ಅಷ್ಟರಲ್ಲಿ ನನ್ನ ಬಾಯಲ್ಲೂ ಗಿಣ್ಣಿತ್ತು.

ದೊಡ್ಡಮ್ಮ ಬಂದಳು

ಅದು ಹಸಿಯಾಗಿಯೇ ಬೇಕಿತ್ತು ಅಂತ ಆಮೇಲೆ ತಿಳಿಸಿ ಹೇಳಿದೆ. ದೊಡ್ಡಮ್ಮ ಫೋನ್ ಇಟ್ಟುಬಿಟ್ಟಳು. ಮರುದಿನ ಬೆಳಗ್ಗೆ ನೋಡಿದರೆ ದೊಡ್ಡಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಾಳೆ! ಎದೆಗವಚಿಕೊಂಡ ಕ್ಯಾನು, ಸುತ್ತ ಒದ್ದೆ ಟವೆಲ್ಲು.

"ಇವತ್ತಿಂದೂ ಗಿಣ್ಣಾಲೇ. ಶಿರಾ ಬಸ್ ಸ್ಟ್ಯಾಂಡಾಗೆ ಜ್ಯೂಸ್ ಅಂಗಡಿ ಭಾಯಿ ತಾವ ಐಸ್ ಇಸ್ಕಂಡೆ. ನಿನ್ ಕೆಲ್ಸ ಕೆಡಿಸ್ಬುಟ್ನಲ್ಲ ಅಂತ ಒಂದ್ ತುತ್ತು ಇಳೀಲಿಲ್ಲ ಕಣಮ್ಮ."

ಕಣ್ಣು ತುಂಬಿ ಬಂತು. ಅವಳಿಗೆ ಕುರ್ಚಿ ಹಾಕಿ, ಬಿಸ್ಕತ್ತು ಕೊಟ್ಟು ಕೆಲಸಕ್ಕೆ ಕೂತೆ. ಹಾಲಿನಿಂದ ಸಕ್ಕರೆ ಬೇರೆ ಮಾಡಿ, ಗಟ್ಟಿ ಮಾಡಿ, ಒಣಗಿಸಿ ಯಂತ್ರಕ್ಕೆ ಹಾಕೋ ಹೊತ್ತಿಗೆ ಸಂಜೆಯಾಯಿತು. ದೊಡ್ಡಮ್ಮ ಊರಿಗೂ ಹೊರಡಲಿಲ್ಲ, ಬಿಸ್ಕತ್ತೂ ಮುಟ್ಟಲಿಲ್ಲ. ಅವಳ ಕಣ್ಣೆಲ್ಲ ಯಂತ್ರದ ಮೇಲೆ.

ಲೇಸರ್ ಬಿತ್ತು. ಪರದೆ ಮೇಲೆ, ನಮಗೆ ಬೇಕಾದ ಜಾಗದಲ್ಲೇ, ಗೆರೆಯೊಂದು ಸರ್ರನೆ ಮೇಲೆದ್ದಿತು. ಸಿಯಾಲಿಕ್ ಆಮ್ಲ ಉದುರಿರಲಿಲ್ಲ! ಜೊತೆಗಾರ ಕುಣಿದ. ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಚಪ್ಪಾಳೆ ತಟ್ಟಿ, "ಅಮ್ಮಾ, ನಿಮ್ಮ ಹಾಲಲ್ಲಿ ಇರೋದೆಲ್ಲ ಇದು ಹಿಡಿದುಬಿಟ್ಟಿತು!" ಅಂದರು.

ಡೈರಿಗೆ ಹಾಲು ಹಾಕಿಯೇ ಮಕ್ಕಳನ್ನು ಓದಿಸಿದ ನಮ್ಮ ದೊಡ್ಡಮ್ಮ ದಡಕ್ಕನೆ ಎದ್ದು ನಿಂತು ಕೈ ಮುಗಿದಳು.

"ಮೇಡಮ್ಮಾರೇ, ದೇವ್ರಾಣೆಗೂ ಈ ಹಾಲಿಗೆ ಮಾತ್ರ ನಾನು ಒಂದು ತೊಟ್ಟೂ ನೀರು ಹಾಕಿಲ್ಲ!"