ಐರಿಸ್ನೋರ ಮನೆಯ ಐರಿಶ್ ಮುತ್ತಾತ

"ಶಾಂತೀ, ಇವತ್ತಿನಿಂದ ನಿನ್ನ ಗಂಡ ಬರೀ ತಾಲ್ಲೂಕು ಆಫೀಸಿನ ಎಫ್‌ಡಿಎ ಅಲ್ಲ ಕಣೇ. ಐರ್ಲೆಂಡಿನ ಮರಿಮೊಮ್ಮಗ!"

2010ರ ಒಂದು ಭಾನುವಾರ ಬೆಳಿಗ್ಗೆ, ಹಾಸನದ ಬಾಡಿಗೆ ಮನೆಯ ಹಾಲಿನಲ್ಲಿ ಪೇಪರನ್ನು ಬಾವುಟದಂತೆ ಎತ್ತಿ ಹಿಡಿದು ಶಾಂತರಾಜು ಘೋಷಿಸಿದ.

"ಆಗ್ಲಿ, ಐರ್ಲೆಂಡಿನೋರೇ. ಮೊದ್ಲು ಗ್ಯಾಸ್ ಬುಕ್ ಮಾಡಿ," ಎಂದಳು ಅಡುಗೆಮನೆಯಿಂದ ಹೆಂಡತಿ ಶಾಂತಿ. ಅವಳು ಸರ್ಕಾರಿ ಶಾಲೆಯ ಇಂಗ್ಲಿಷ್ ಮೇಡಂ. ಘೋಷಣೆಗಳಿಗೆಲ್ಲ ಬೆದರುವ ಜಾತಿಯಲ್ಲ.

ಪೇಪರಿನಲ್ಲಿದ್ದದ್ದು ಇಷ್ಟೇ. ಐರ್ಲೆಂಡಿನ 1901 ಮತ್ತು 1911ರ ಜನಗಣತಿಯ ಕಾಗದಗಳೆಲ್ಲ ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ. ಯಾರು ಬೇಕಾದರೂ ಹೆಸರು ಹಾಕಿ ತಮ್ಮ ಹಿರೀಕರನ್ನು ಹುಡುಕಿಕೊಳ್ಳಬಹುದು. ಅದಕ್ಕೂ ಶಾಂತರಾಜುವಿಗೂ ಏನು ಸಂಬಂಧ ಅನ್ನುತ್ತೀರಾ? ಅವನ ಹುಟ್ಟೂರು ದಂಡಿಗನಹಳ್ಳಿಯಲ್ಲಿ ಅವರ ಮನೆತನವನ್ನು ಕರೆಯುವುದೇ 'ಐರಿಸ್ನೋರ ಮನೆ' ಎಂದು! ಯಾಕೆ ಹಾಗೆ ಎಂದು ಅವನು ನಲವತ್ತೆರಡು ವರ್ಷ ಯೋಚಿಸಿರಲಿಲ್ಲ. ಆ ಭಾನುವಾರ ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು.

ಟೈಪಿಂಗ್ ಕ್ಲಾಸನ್ನು ಸೈಬರ್ ಸೆಂಟರ್ ಮಾಡಿಕೊಂಡಿದ್ದ ಈಶ್ವರಯ್ಯನವರ ಅಂಗಡಿಯೇ ಅವನ ತಪೋವನವಾಯಿತು. ವಂಶ ಹುಡುಕುವ ಹೊಸಬರಿಗೆಂದು ಇಂಟರ್ನೆಟ್ಟಿನಲ್ಲಿ ಬರೆದಿದ್ದ ಸೂಚನೆಗಳನ್ನೆಲ್ಲ ಓದಿದ. ಮೊದಲು ಮನೆಯ ಹಿರಿಯರನ್ನು ಕೇಳಿ ಎಂದಿತ್ತು, ಅದನ್ನು ಹಾರಿಸಿಬಿಟ್ಟ. ಒಂದೇ ಹೆಸರನ್ನು ನಾಲ್ಕು ಥರ ಬರೆದಿರುತ್ತಾರೆ, ಎಲ್ಲ ಥರದಲ್ಲೂ ಹುಡುಕಿ ಎಂದಿತ್ತು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಗೆ ಬೆಂಕಿ ಬಿದ್ದು ಹಳೆಯ ಜನಗಣತಿಗಳು ಬೂದಿಯಾದವು ಎಂದು ಓದಿದಾಗಲಂತೂ ಕಣ್ಣು ತುಂಬಿ ಬಂತು. "ನೋಡಿ ಈಶ್ವರಯ್ಯ, ನಮ್ಮ ಆಫೀಸಲ್ಲಿ ಗೆದ್ದಲು, ಅವರಲ್ಲಿ ಬೆಂಕಿ. ಹಣೆಬರಹ ಒಂದೇ!"

ಮುತ್ತಾತನ ಹೆಸರು ಲಕ್ಕಯ್ಯ. ನಾಲ್ಕು ಥರ ಬರೆದು ಹುಡುಕಹೊರಟ. ಮೂರನೇ ಸಲಕ್ಕೆ ಪರದೆಯ ಮೇಲೆ ಮೂಡಿದ: ಪ್ಯಾಟ್ರಿಕ್ ಲ್ಯಾಕಿ, ಇಪ್ಪತ್ತಾರು ವರ್ಷ, ಅವಿವಾಹಿತ, ಓದು ಬರಹ ಬಲ್ಲವನು!

"ಲ್ಯಾಕಿ! ನಮ್ಮೋರ ಬಾಯಲ್ಲಿ ಲಕ್ಕಿ ಆಗಿ, ಲಕ್ಕಯ್ಯ ಆಗೋಗಿದೆ!"

"ಅಲ್ಲಾ ಸಾ, ಗಣತಿ ಟೈಮಲ್ಲಿ ನಿಮ್ಮ ಮುತ್ತಾತ ದಂಡಿಗನಹಳ್ಳಿಲಿ ಇದ್ರಲ್ವಾ?" ಎಂದರು ಈಶ್ವರಯ್ಯ.

"ರಜಾ ಹಾಕಿ ಹೋಗಿರ್ಬೇಕು ಬಿಡ್ರೀ!"

ಅಂದೇ ಅಲ್ಲಿನ ವಂಶಾವಳಿ ಚರ್ಚೆಯ ಪುಟವೊಂದರಲ್ಲಿ ದಂಡಿಗನಹಳ್ಳಿ, ಐರಿಸ್ನೋರ ಮನೆ, ಲ್ಯಾಕಿ ಎಲ್ಲವನ್ನೂ ಸೇರಿಸಿ ಹಾಕಿಬಿಟ್ಟ. ಹದಿನೈದು ದಿನಕ್ಕೆ ಉತ್ತರ ಬಂತು. ಕಾರ್ಕ್ ಪಟ್ಟಣದ ನೋರೀನ್ ಡಗ್ಗನ್ ಎಂಬಾಕೆ ಬರೆದಿದ್ದರು. ಲ್ಯಾಕಿ ನನಗೆ ಗೊತ್ತಿಲ್ಲ. ಆದರೆ ನನ್ನ ಮುತ್ತಜ್ಜನ ತಮ್ಮ ಮೈಕಲ್ ಡಗ್ಗನ್ ನಾಲೆ ಕೆಲಸದ ಓವರ್‌ಸಿಯರ್ ಆಗಿ ಮೈಸೂರು ಸೀಮೆಗೆ ಹೋದ. 1898ರಲ್ಲಿ ಹೊಳೆನರಸೀಪುರದಿಂದ ಒಂದು ಕಾಗದ ಬಂತು. ಆಮೇಲೆ ಏನೂ ಇಲ್ಲ. ಚರ್ಚಿನ ಪುಸ್ತಕದಲ್ಲಿ ಅವನ ಹುಟ್ಟು ಸಿಕ್ಕಿತು, ಸಾವು ಮಾತ್ರ ಯಾವ ದಾಖಲೆಯಲ್ಲೂ ಇಲ್ಲ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದೇನೆ. ಡಿಸೆಂಬರಿನಲ್ಲಿ ಬರಲೇ?

ಶಾಂತರಾಜು ಪ್ಯಾಟ್ರಿಕ್ಕನನ್ನು ಅಲ್ಲೇ ಕೈಬಿಟ್ಟ. "ಶಾಂತೀ, ಮುತ್ತಾತ ಬದಲಾದ್ರು! ಮೈಕಲ್ಲೇ ಸರಿ. ಈಯಮ್ಮ ನಂಗೆ ಅಕ್ಕ ಆಗ್ಬೇಕು!"

"ಸೀರೆ ಬದಲಾಯ್ಸೋಕೂ ನಂಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು ಕಣ್ರೀ," ಎಂದಳು ಶಾಂತಿ.

ಅವನು ಮೂರು ದಿನ ರಜಾ ಹಾಕಿದ. ಐರ್ಲೆಂಡಿನ ಬಣ್ಣವೆಂದು ಹಸಿರು ಶರ್ಟು ಹೊಲಿಸಿದ. ಫೋಟೋದಲ್ಲಿ ವಂಶದ ಹಿರಿಯರೊಬ್ಬರು ಇರಲಿ ಎಂದು ದಂಡಿಗನಹಳ್ಳಿಯಿಂದ ಎಂಬತ್ತೆಂಟು ವರ್ಷದ ಅಜ್ಜಿ ಹೊನ್ನಕ್ಕನನ್ನು ಕಾರು ಮಾಡಿ ಕರೆತಂದ. ಅವಳು ಲಕ್ಕಯ್ಯನ ಸೊಸೆ.

"ಅಜ್ಜೀ, ನೀನು ಸುಮ್ಕೆ ಕೂತಿರು. ಮಾತೆಲ್ಲ ನಾನು ನೋಡ್ಕತೀನಿ."

"ನಂಗ್ಯಾಕ್ಲಾ ಮಾತು? ನಂಗೇನು ಇಂಗ್ಲೀಸ್ ಬತ್ತದಾ?"

ನೋರೀನ್ ಬಂದರು. ಅರವತ್ತು ದಾಟಿದ, ಬೆಳ್ಳಗಿನ, ಮೆತ್ತಗಿನ ಹೆಂಗಸು. ಕುರ್ಚಿ ಬಿಟ್ಟು ಚಾಪೆಯ ಮೇಲೆ ಹೊನ್ನಕ್ಕನ ಪಕ್ಕವೇ ಕೂತು, ಚೀಲದಿಂದ ಮೀಸೆ ಹೊತ್ತ ಯುವಕನೊಬ್ಬನ ಹಳೆಯ ಫೋಟೋ ಹೊರತೆಗೆದರು.

"ಯಾರ್ಲಾ ಇದು, ಸಾಂತ?"

"ಮೈಕಲ್ ಅಂತ ಅಜ್ಜಿ. ನಮ್ಮ..."

"ಮೈಕಲ್ ದೊರೆನಾ!" ಹೊನ್ನಕ್ಕ ಫೋಟೋವನ್ನು ಕಸಿದುಕೊಂಡು ಕಣ್ಣಿಗೊತ್ತಿಕೊಂಡಳು. "ನಮ್ ಮಾವ ಬಾಯ್ ಬುಟ್ರೆ ಇವ್ರುದೇ ಸುದ್ದಿ ಏಳೋನು! ಇವ್ರಿಗೇ ಕಣ್ಲಾ ಅವ್ನು ಅಡಿಗೆ ಮಾಡಾಕ್ತಿದ್ದಿದ್ದು. 'ಐರಿಸ್ ದೊರೆ ಅಡಿಗೆ ಲಕ್ಕ' ಅಂತಿದ್ರು ಊರೋರು. ಅಡಿಗೆ ಓಯ್ತು, ಲಕ್ಕ ಓಯ್ತು, ಐರಿಸ್ ಅನ್ನಾದೊಂದು ನಮ್ಮನೇಗೆ ಅಂಟ್ಕತು!"

ಅಜ್ಜಿ ಏನಂದರು ಎಂದು ನೋರೀನ್ ಆಸೆಯಿಂದ ಶಾಂತರಾಜುವಿನ ಮುಖ ನೋಡಿದರು. ಹಸಿರು ಶರ್ಟಿನೊಳಗೆ ಅವನು ಬೆವೆತುಹೋದ. ಲಕ್ಕಯ್ಯನವರು ದೊರೆಗಳಿಗೆ ಬಹಳ ಹತ್ತಿರದವರು ಎಂದು ಇಂಗ್ಲಿಷಿನಲ್ಲಿ ತೊದಲಿದ.

"ಕುಕ್, ಮೇಡಂ," ಎಂದಳು ಬಾಗಿಲಲ್ಲಿ ನಿಂತಿದ್ದ ಶಾಂತಿ. "ಅಡುಗೆಯವರು." ಬಂದು ಅಜ್ಜಿಯ ಇನ್ನೊಂದು ಮಗ್ಗುಲಲ್ಲಿ ಕೂತಳು. ಅಲ್ಲಿಂದ ಮುಂದೆ ಅಜ್ಜಿ ಹೇಳಿದ್ದನ್ನೆಲ್ಲ ಅವಳೇ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

"ಪ್ಲೇಗಮ್ಮ ಬಂದಿದ್ಲಲ್ಲ, ಆ ವರ್ಸ. ದೊರೆಗೆ ಗಡ್ಡೆ ಎದ್ದೇಟ್ಗೆ ಕ್ಯಾಂಪ್ನೋರೆಲ್ಲ ಬುಟ್ಟು ಓಡೋದ್ರಂತೆ. ನಮ್ ಮಾವ ಒಬ್ನೇ ಗಂಜಿ ಕುಡಿಸ್ಕಂಡು ಆರು ದಿನ ಕುಂತಿದ್ನಂತೆ. ಸತ್ ಮ್ಯಾಲೆ ಅವ್ನೇ ಗುಂಡಿ ತೋಡಿ ಒಳೆ ದಂಡೇಲಿ ಮಣ್ ಮಾಡ್ದ. ಮುಂದ್ಲೊರ್ಸ ಒಳೆ ಬಂದು ಅದ್ನೂ ಕೊಚ್ಕಂಡೋಯ್ತು. ಗೋರಿನೂ ಇಲ್ವಲ್ಲಪ್ಪ ಅಂತ ಮಾರ್ನಮಿಲಿ ನಮ್ ಇರೀಕರ ಜತೆಗೇ ದೊರೆಗೂ ಒಂದು ಎಡೆ ಇಕ್ಕಕ್ಕೆ ಸುರು ಮಾಡ್ದ. ಸಿಪ್ಪೆ ಸುಲೀದೆ ಬೇಯ್ಸಿದ್ ಆಲೂಗಡ್ಡೆ, ಮ್ಯಾಲೊಂದಿಷ್ಟು ಬೆಣ್ಣೆ. ಈಗ್ಲೂ ಇಕ್ತೀವಿ. ಲೇ ಸಾಂತ, ವರ್ಸ ವರ್ಸ ಆ ಆಲೂಗಡ್ಡೆ ತಿಂದೋನು ನೀನೇ ಅಲ್ವೇನ್ಲಾ?"

ಶಾಂತಿ ಇಂಗ್ಲಿಷಿಗೆ ತರುತ್ತಾ ತರುತ್ತಾ ಆಲೂಗಡ್ಡೆಯ ಹತ್ತಿರ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅದನ್ನೂ ಹೇಳಿದಳು. ನೋರೀನ್ ಹೊನ್ನಕ್ಕನ ಹೆಗಲಿಗೆ ತಲೆಯಿಟ್ಟು ಗಳಗಳನೆ ಅತ್ತರು. ನೂರಹನ್ನೆರಡು ವರ್ಷ ತಮ್ಮ ಮನೆಯಲ್ಲಿ ಯಾರೂ ಅವನಿಗೆ ದೀಪ ಹಚ್ಚಲಿಲ್ಲ, ಇಲ್ಲಿ ನೀವು ಊಟವಿಟ್ಟಿರಿ ಎಂದರು. "ಅಳ್ಬ್ಯಾಡ ಕಣವ್ವಾ, ಅವ್ರೇನು ಉಪಾಸ ಇಲ್ಲ," ಎಂದು ಹೊನ್ನಕ್ಕ ಕನ್ನಡದಲ್ಲೇ ಸಮಾಧಾನ ಮಾಡಿದಳು. ಅದನ್ನು ಮಾತ್ರ ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಮುಂದಿನ ತಿಂಗಳು ನೋರೀನ್ ತಮ್ಮ ವಂಶವೃಕ್ಷವನ್ನು ಇಂಟರ್‌ನೆಟ್ಟಿಗೆ ಹಾಕಿ ವಿಳಾಸ ಕಳಿಸಿದರು. ಈಶ್ವರಯ್ಯ ತಮ್ಮ ದೊಡ್ಡ ಕಂಪ್ಯೂಟರಿನಲ್ಲೇ ತೆಗೆದು ತೋರಿಸಿದರು. ಮೈಕಲ್ ಡಗ್ಗನ್, ಮರಣ, ಪ್ಲೇಗಿನ ವರ್ಷ, ಹೊಳೆನರಸೀಪುರ. ಅವನ ಪಕ್ಕದಲ್ಲೇ ಒಂದು ಹೊಸ ಕೊಂಬೆ: ಲಕ್ಕಯ್ಯ, ಆಪ್ತ ಗೆಳೆಯ. ದಾಖಲೆಯ ಮೂಲ: ಹೊನ್ನಕ್ಕ, ದಂಡಿಗನಹಳ್ಳಿ. ಅನುವಾದ: ಶಾಂತಿ ಮೇಡಂ. ಕೆಳಗೆ ಅಜ್ಜಿ, ಶಾಂತಿ, ನೋರೀನ್ ಮೂವರೂ ನಗುತ್ತಿರುವ ಚೆಂದದ ಫೋಟೋ.

"ನಿಮ್ಮ ಹೆಸರೆಲ್ಲಿ ಸಾ?"

ಶಾಂತರಾಜು ಪುಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದ. ನಾಲ್ಕು ಥರ ಅಕ್ಷರ ಹಾಕಿಯೂ ಹುಡುಕಿದ. ಕೊನೆಗೆ ಈಶ್ವರಯ್ಯನವರೇ ಕನ್ನಡಕ ಸರಿಮಾಡಿಕೊಂಡು, ಪರದೆಗೆ ಮೂಗು ತಾಗಿಸಿ, ಫೋಟೋದ ಅಡಿಯಲ್ಲಿದ್ದ ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಓದಿದರು:

"'ಫೋಟೋ ತೆಗೆದವರು: ಶಾಂತಿ ಮೇಡಂ ಅವರ ಯಜಮಾನರು!'"